ಹೊಳೆಗೆ ಬಿಟ್ಟ ಗದ್ದೆ

ಕ್ರಿಸ್ತಶಕ 2187, ಮಾರ್ಗಶಿರ ಶುದ್ಧ ಬಿದಿಗೆ
ಮಾಣಿಕೊಡ್ಲು, ಅಳಿವೆಯ ಬಡಗು ದಂಡೆ

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ನಾಗವೇಣಿ ಅಂಬಿಗ ಮಾಡುವ ನಮಸ್ಕಾರ.

ನನ್ನ ಕೆಲವು ಮಾತು ನಿಮಗೆ ವಿಚಿತ್ರ ಎನಿಸಿದರೆ ಕ್ಷಮಿಸಿ. ನೀವು ಕಂಡ ಕಡಲು ಈಗ ಆಳೆತ್ತರ ಮೇಲೇರಿದೆ. ಅದರ ಜೊತೆ ಮಾತೂ ಬದಲಾಗಿದೆ. ‘ಹೊಳೆಪಾಲು’ ಎಂಬ ಪದವನ್ನೇ ನೋಡಿ. ಉಬ್ಬರದ ನೀರು ಹರಡಿಕೊಳ್ಳಲೆಂದು ಊರವರೇ ಬಿಟ್ಟುಕೊಟ್ಟ ನೆಲಕ್ಕೆ ನಾವು ಹಾಗೆನ್ನುತ್ತೇವೆ. ಅಲ್ಲಿ ಉಪ್ಪುನೀರಿನಲ್ಲೇ ಬೇರೂರುವ ಕಾಂಡ್ಲಾ ಗಿಡಗಳು ಬೆಳೆದಿವೆ, ಬೇರುಗಳ ನಡುವೆ ಏಡಿ, ಸಿಗಡಿ. ನಮ್ಮ ಮನೆಗಳೆಲ್ಲ ಕಂಬದ ಮೇಲಿವೆ. ಇಳಿತ ನೋಡಿಕೊಂಡು ಶಾಲೆಯ ಗಂಟೆ ಹೊಡೆಯುತ್ತಾರೆ. ಉಪ್ಪುನೀರಿಗೂ ಜಗ್ಗದ ಕಗ್ಗದ ಅಕ್ಕಿಯ ಗಂಜಿ ಈಗಲೂ ಒಲೆಯ ಮೇಲಿದೆ.

ಒಂಬತ್ತು ವರ್ಷದ ಹಿಂದೆ ಯೋಜನಾ ಕಚೇರಿಯವರು ಒಂದು ನಕ್ಷೆ ತಂದರು. ಅಳಿವೆಯ ಎರಡೂ ದಂಡೆಗೆ ಕಾಂಕ್ರೀಟ್ ಗೋಡೆ. ನಮ್ಮ ಕೆಸರುಬಯಲಿನ ಮೇಲೆ ‘ಉಪಯೋಗವಿಲ್ಲದ ಜಾಗ’ ಎಂದು ಬರೆದಿತ್ತು. ಆರು ತಿಂಗಳಲ್ಲಿ ಊರು ಬಿಡಬೇಕಂತೆ. ನನ್ನ ಅತ್ತೆ ಬೀರಮ್ಮ ನಲವತ್ತು ವರ್ಷ ಅದೇ ಕೆಸರಿನಲ್ಲಿ ಚಿಪ್ಪಿ ಹೆಕ್ಕಿದವರು. ಕಚೇರಿಯವರು ಕರೆದ ಸಭೆಯಲ್ಲಿ ಅವರು ಎದ್ದು ನಿಂತರು.

“ಸಾಹೇಬ್ರೆ, ಬೂಟು ಬಿಚ್ಚಿ ಒಂದ್ ಸಲ ಇಳೀರಿ. ಆಮೇಲೆ ಬರೀರಿ.”

ಸಾಹೇಬರು ಇಳಿಯಲಿಲ್ಲ. “ಗೋಡೆ ಬೇಡ ಅಂದ್ರೆ ನೀರು ಎಲ್ಲಿಗೆ ಹೋಗ್ಬೇಕಮ್ಮ? ಅದನ್ನ ಹೇಳಿ” ಎಂದರು. ನಮಗೆ ಸಿಟ್ಟು ಬಂತು. ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು.

ಮರುದಿನದಿಂದ ಹದಿನೇಳು ಹೆಂಗಸರು ಇಳಿತದ ಹೊತ್ತಿಗೆ ಬಿದಿರುಕೋಲು ಹಿಡಿದು ಬಯಲಿಡೀ ನಡೆದೆವು. ಎಲ್ಲಿ ಎಷ್ಟು ಆಳ, ಯಾವ ಕಾಲುವೆ ಎತ್ತ ತಿರುಗುತ್ತದೆ, ಚಿಪ್ಪಿ ಎಲ್ಲಿ ಕೂರುತ್ತದೆ ಎಂದು ಅತ್ತೆ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. ನಾಲ್ಕು ತಿಂಗಳಾಗಿ ನಮ್ಮ ನಕ್ಷೆ ಮುಗಿದಾಗ ಉತ್ತರ ಸಿಕ್ಕಿತು: ನೀರು ಹರಡಲು ಬೇಕಾದ ತಗ್ಗು ನೆಲವೆಂದರೆ ನಮ್ಮದೇ ಗದ್ದೆಗಳು. ಅತ್ತೆ ಹಾರೆ ಎತ್ತಿಕೊಂಡು ಹೋಗಿ ನಮ್ಮ ಗದ್ದೆಯ ಕಟ್ಟೆ ಒಡೆಯತೊಡಗಿದರು. ತೆನೆಯಲ್ಲಿ ಆಗಷ್ಟೇ ಹಾಲು ತುಂಬಿತ್ತು.

“ಕೊಯ್ಲಾದ್ರೂ ಆಗ್ಲಿ ಅತ್ತೆ” ಎಂದು ಅವರ ಕೈ ಹಿಡಿದೆ.

“ಹುಣ್ಣಿಮೆ ನೀರು ಕೊಯ್ಲು ಕಾಯ್ತದ್ಯೇನೆ? ಬಿಡು ಕೈ.”

ಅಳುತ್ತಲೇ ಅಗೆದರು. ನಾನೂ ಗುದ್ದಲಿ ತಂದೆ. ಆ ಹುಣ್ಣಿಮೆಯ ದೊಡ್ಡ ಉಬ್ಬರದ ನೀರು ನಮ್ಮ ಗದ್ದೆ ತುಂಬಿ ನಿಂತಿತು. ಕೇರಿಯ ಒಂದು ಮನೆಗೂ ನುಗ್ಗಲಿಲ್ಲ. ಮುಂದಿನ ಅಮಾವಾಸ್ಯೆಯೊಳಗೆ ಇನ್ನೂ ಹನ್ನೊಂದು ಮನೆಯವರು ಕಟ್ಟೆ ಒಡೆದರು. ನಮ್ಮ ನಕ್ಷೆಯನ್ನೂ ನೀರು ತುಂಬಿದ ಗದ್ದೆಗಳನ್ನೂ ನೋಡಿ ಕಚೇರಿ ನಮ್ಮ ದಂಡೆಯ ಗೋಡೆ ಕೈಬಿಟ್ಟಿತು. ಎದುರು ದಂಡೆಗೆ ಕಟ್ಟಿದರು. ಅಲ್ಲೀಗ ಚಿಪ್ಪಿಯಿಲ್ಲ, ಹೋದ ವರ್ಷ ಗೋಡೆಯ ಬುಡ ಕೊರೆದು ಬಂದ ನೀರು ಎರಡು ಕೇರಿ ನುಂಗಿತು.

ಅತ್ತೆ ಈಗಿಲ್ಲ. ಮೊನ್ನೆ ಹೊಸ ಆದೇಶ ಬಂದಿದೆ, ಗೋಡೆಯನ್ನು ಇತ್ತಲೂ ತರುತ್ತಾರಂತೆ. ಒಪ್ಪಿಗೆ ಪತ್ರಕ್ಕೆ ಊರಲ್ಲಿ ಒಬ್ಬರೂ ಸಹಿ ಹಾಕಿಲ್ಲ, ಹಾಕುವುದೂ ಇಲ್ಲ. ಯಂತ್ರ ಬಂದರೆ ಕೆಸರಿನಲ್ಲಿ ಸಾಲಾಗಿ ನಿಲ್ಲುತ್ತೇವೆ.

ನಿಮ್ಮಲ್ಲಿ ಕೇಳುವುದು ಇಷ್ಟೆ. ನಿಮ್ಮ ಕಾಲದಲ್ಲಿ ಹೊಳೆಗೆ ಇನ್ನೂ ಜಾಗವಿದೆ. ಅದನ್ನು ಈಗಲೇ ಗುರುತು ಮಾಡಿ, ಅಲ್ಲಿ ಏನನ್ನೂ ಕಟ್ಟಬೇಡಿ. ನಾವು ಗೆಲ್ಲುತ್ತೇವೋ ಇಲ್ಲವೋ ನನಗೆ ತಿಳಿಯದು. ಆದರೆ ಹೊಳೆಗೆ ಕೊಟ್ಟದ್ದನ್ನು ನಾವು ಗೋಡೆಗೆ ಕೊಡುವುದಿಲ್ಲ.