ಒಂದೇ ಕಂಬಳಿ ಹೊದ್ದವರ ನೆಂಟಸ್ತಿಕೆಯನ್ನು ರದ್ದುಮಾಡಿದವರಿಗೆ

ಪರದೇಶ ವ್ಯಾಸಂಗದ ಮಾನ್ಯ ಮೇಲ್ವಿಚಾರಕರೇ,

ತಮ್ಮ ಹುಕುಂ ನಮ್ಮ ನಾಗೇಂದ್ರಪ್ಪನ ಕೈ ಸೇರಿದೆ. ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ಉಣ್ಣೆಯ ಕಸುಬು ಕಲಿಯುತ್ತಿರುವ ಈ ಹುಡುಗ ತನ್ನ ಜೊತೆ ವಾಸವಾಗಿರುವ ಜಪಾನಿನ ವಿದ್ಯಾರ್ಥಿಯನ್ನು ಬಿಟ್ಟು ಬೇರೆ ಬಿಡಾರ ಹೂಡಬೇಕಂತೆ. "ಈತನಿಗೂ ನನಗೂ ಯಾವ ಸಂಬಂಧವೂ ಇಲ್ಲ" ಎಂದು ಸ್ವಹಸ್ತದಿಂದ ಬರೆದುಕೊಡಬೇಕಂತೆ. ತಪ್ಪಿದರೆ ಓದು ಅರ್ಧಕ್ಕೇ ಬಿಟ್ಟು ಹಡಗು ಹತ್ತಬೇಕಂತೆ. ಹುಕುಂ ಹೊರಡಿಸಿ ಸಂಬಂಧ ಕತ್ತರಿಸಬಹುದೆಂದು ಮೊದಲೇ ಗೊತ್ತಿದ್ದರೆ ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗಿನ ಅಳಿಯಂದಿರೆಲ್ಲ ತಮ್ಮ ಕಚೇರಿಯ ಮುಂದೆ ಸಾಲುಗಟ್ಟುತ್ತಿದ್ದರು.

ಹುಡುಗನಿಗೆ ಅಕ್ಷರ ಕಲಿಸಿದವನು ನಾನು. ತಳಕಿನ ಬಳಿಯ ಹಟ್ಟಿಯಲ್ಲಿರುವ ಅವನ ತಾಯಿ ಯರ್ರಮ್ಮನಿಗೆ ಅವನ ಕಾಗದಗಳನ್ನು ಓದಿ ಹೇಳುವವನೂ ನಾನೇ. ಆದ್ದರಿಂದ ತಮ್ಮ ಹುಕುಮನ್ನು ಕನ್ನಡಿಸಿ ಆ ತಾಯಿಗೆ ಕೇಳಿಸುವ ಪುಣ್ಯವೂ ನನ್ನ ಪಾಲಿಗೇ ಬಂತು. ಆ ಪುಣ್ಯದಲ್ಲಿ ತಮಗೂ ಪಾಲು ಸಲ್ಲಲಿ ಎಂದು ಈ ಬಹಿರಂಗ ಪತ್ರ.

ಮೂರು ತಿಂಗಳಿಗೊಮ್ಮೆ ತಮ್ಮ ಕಚೇರಿ ಪರದೇಶದ ಹುಡುಗರಿಂದ 'ಯೋಗಕ್ಷೇಮ ಪತ್ರಿಕೆ' ತರಿಸುತ್ತದೆ. ಘನವಾದ ಪತ್ರಿಕೆ! ದೇಹದ ತೂಕವೆಷ್ಟು? ನಡತೆ ಹೇಗೆ? ಮನಸ್ಸು ಉಲ್ಲಾಸವಾಗಿದೆಯೇ, ಹೌದು ಅಥವಾ ಇಲ್ಲ. ಕೊನೆಯಲ್ಲಿ, "ಆ ದೇಶದಲ್ಲಿರುವ ನೆಂಟರೊಬ್ಬರ ರುಜು." ಮಾನ್ಯರೇ, ಕುರಿ ಕಾಯುವವರ ಮನೆಯ ಹುಡುಗನಿಗೆ ಇಂಗ್ಲೆಂಡಿನಲ್ಲಿ ಯಾವ ನೆಂಟರಿದ್ದಾರೆಂದು ತಾವು ಎಣಿಸಿದಿರಿ? ಯರ್ರಮ್ಮನ ಚಿಕ್ಕಪ್ಪ ಲಂಡನ್ನಿನಲ್ಲಿ ಬಂಗಲೆ ಕಟ್ಟಿಸಿದ್ದಾನೆಯೇ? ಮೊದಲ ಎರಡು ಪತ್ರಿಕೆಗಳೂ ರುಜು ಇಲ್ಲವೆಂದು ಹಿಂದಿರುಗಿದವು. ಎರಡರಲ್ಲೂ ಹುಡುಗ 'ಉಲ್ಲಾಸ'ದ ಮುಂದೆ 'ಇಲ್ಲ' ಎಂದು ಬರೆದಿದ್ದ. ಅದು ತಮ್ಮ ಕಣ್ಣಿಗೆ ಬೀಳಲಿಲ್ಲ. ರುಜುವಿಲ್ಲದ ದುಃಖ ಸರ್ಕಾರದ ಲೆಕ್ಕಕ್ಕೆ ಬಾರದಷ್ಟೆ.

ಆ ದಿನಗಳಲ್ಲಿ ಅವನು ನನಗೆ ಬರೆದದ್ದನ್ನು ಕೇಳಿ: "ಮೇಷ್ಟ್ರೇ, ಆರು ತಿಂಗಳಿಂದ ನನ್ನ ಬಾಯಲ್ಲಿ ಕನ್ನಡ ಬಂದಿಲ್ಲ. ನಿನ್ನೆ ಊರಾಚೆ ಕುರಿಮಂದೆ ಕಂಡೆ. ತಡೆಯಲಾರದೆ ನಮ್ಮ ಹುಲ್ಲುಗಾವಲಿನಲ್ಲಿ ಕೂಗುವ ಹಾಗೆ ಹುರ್ರ್ ಎಂದು ಕೂಗಿದೆ. ಒಂದು ಕುರಿಯೂ ತಲೆ ಎತ್ತಲಿಲ್ಲ." ಈ ಸಾಲನ್ನು ನಾನು ಯರ್ರಮ್ಮನಿಗೆ ಓದಲಿಲ್ಲ. ಕುರಿಗಳೆಲ್ಲ ಕ್ಷೇಮ ಎಂದು ಹೇಳಿದೆ.

ಮುಂದೆ ಚಳಿಗಾಲದಲ್ಲಿ ಹುಡುಗನಿಗೆ ಜ್ವರ ಹಿಡಿಯಿತು. ಒಲೆಗೆ ಕಲ್ಲಿದ್ದಲಿಲ್ಲ, ಕರೆದರೆ ಓಗೊಡುವವರಿಲ್ಲ. ಪಕ್ಕದ ಕೋಣೆಯ ಮೊರೀಟ ಎಂಬ ಜಪಾನಿನ ಹುಡುಗ ಬಾಗಿಲು ತಳ್ಳಿ ಬಂದ. ಅವನೂ ಅಲ್ಲಿಗೆ ಕಲಿಯಲು ಬಂದವನೇ, ಅವನದೂ ಹರುಕು ಇಂಗ್ಲಿಷೇ. ಗಂಜಿ ಕಾಯಿಸಿ ಕುಡಿಸಿದ. ಯರ್ರಮ್ಮ ನೂತ ಉಣ್ಣೆಯ ಕಂಬಳಿ ಒಂದೇ ಇತ್ತು, ಆ ಚಳಿಗಾಲವೆಲ್ಲ ಅದನ್ನೇ ಇಬ್ಬರೂ ಹೊದ್ದರು.

ನಮ್ಮ ಹಟ್ಟಿಗಳಲ್ಲಿ ಇದಕ್ಕೊಂದು ಕಟ್ಟಳೆಯಿದೆ. ಕುರಿ ಹೊಡೆದುಕೊಂಡು ಹೋದಲ್ಲಿ ಒಂದು ಚಳಿಗಾಲ ಒಂದೇ ಕಂಬಳಿ ಹೊದ್ದವರು ಅಣ್ಣತಮ್ಮಂದಿರು. ಒಬ್ಬನ ತಾಯಿ ತೀರಿದರೆ ಇನ್ನೊಬ್ಬನೂ ತಲೆ ಬೋಳಿಸಿಕೊಳ್ಳಬೇಕು. ಹೀಗಿರಲು ಮೂರನೆಯ ಪತ್ರಿಕೆ ಬಂದಾಗ ನಾಗೇಂದ್ರಪ್ಪ ಏನು ಮಾಡಿದ? 'ನೆಂಟರ ರುಜು' ಎಂಬಲ್ಲಿ ಮೊರೀಟನ ಕೈಯಿಂದ ರುಜು ಹಾಕಿಸಿ, ಪಕ್ಕದಲ್ಲಿ 'ತಮ್ಮ' ಎಂದು ಕಾಣಿಸಿದ. ಉಲ್ಲಾಸದ ಮುಂದೆ 'ಹೌದು' ಎಂದೂ ಬರೆದ.

ಅಷ್ಟರಲ್ಲೇ ಮೊರೀಟನ ತಾಯಿ ತೀರಿಕೊಂಡಳೆಂದು ಜಪಾನಿನಿಂದ ಸುದ್ದಿ ಬಂತು. ಅವನು ಅತ್ತ. ನಮ್ಮವನು ತಲೆ ಬೋಳಿಸಿಕೊಂಡ. ಅವರಿದ್ದ ಬಾಡಿಗೆ ಮನೆಯ ಒಡತಿ ಬೆಚ್ಚಿ ತಮಗೆ ಬರೆದಳು. ತಾವು ತನಿಖೆ ನಡೆಸಿ ಕಂಡುಹಿಡಿದದ್ದು ಎರಡು: ವಿದ್ಯಾರ್ಥಿಯು ಸುಳ್ಳು ನೆಂಟನನ್ನು ಸೃಷ್ಟಿಸಿದ್ದಾನೆ, ಯಾವುದೋ ಗುಪ್ತ ಪಂಥವನ್ನೂ ಸೇರಿದ್ದಾನೆ. ಭೇಷ್! ಹುಡುಗ ಆರು ತಿಂಗಳು ಸೊರಗಿದಾಗ ಮುಚ್ಚಿದ್ದ ತಮ್ಮ ಕಣ್ಣು ಅವನ ಕೂದಲು ಹೋದೊಡನೆ ತೆರೆಯಿತು.

ಹುಕುಂ ಓದಿ ಹೇಳಿದ ದಿನ ಯರ್ರಮ್ಮ ಅಂಗಳದಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ಅವಳ ಅಣ್ಣ ಗಾದ್ರಪ್ಪ ಎಲೆಯಡಿಕೆ ಹಾಕುತ್ತಾ ಕೂತಿದ್ದ.

"ಏನ್ರೀ ಮೇಷ್ಟ್ರೇ, ನಿಮ್ ಸಾಹೇಬ್ರು ಯಾವತ್ತೂ ಒಬ್ರ ಜತಿಗೆ ಕಂಬ್ಳಿ ಹೊದ್ದೇ ಇಲ್ವಾ?"

"ಅವರು ರಗ್ಗು ಹೊದೀತಾರಪ್ಪಾ."

"ಅದಕ್ಕೇ ಮತ್ತೆ! ಒಬ್ರಿಗೇ ಸಾಲಂಗಿರ್ತೈತೆ ಅದು."

ಯರ್ರಮ್ಮ ನಗಲಿಲ್ಲ. "ಜ್ವರ ಬಂದಾಗ ಗಂಜಿ ಕುಡ್ಸಿದ್ದು ಯಾರ್ರೀ? ಈ ಸಾಹೇಬ್ರಾ?"

"ಅಲ್ಲಮ್ಮ."

"ಆ ಹುಡುಗನ್ ಅವ್ವ ಸತ್ಲು ಅಂದ್ರಲ್ಲ. ಈಗ ನನ್ ಮಗ 'ನೀ ನಂಗೇನೂ ಅಲ್ಲ' ಅಂತ ಬರಕೊಟ್ರೆ, ಅವ್ನಿಗೆ ಅಲ್ಲಿ ಯಾರೈದಾರೆ? ಬರೀಬ್ಯಾಡ ಅನ್ರಿ. ಓದು ಹೋದ್ರೆ ಹೋಗ್ಲಿ, ಬಂದು ಕುರಿ ಕಾಯ್ಲಿ. ಅವ್ನೂ ಬರಂಗಿದ್ರೆ ಕರ್ಕಂಡ್ ಬರ್ಲಿ."

ಹೇಳಿ ಮತ್ತೆ ಉಣ್ಣೆಗೆ ಕೈ ಹಾಕಿದಳು. ಈ ಕಂಬಳಿ ಯಾರಿಗೆಂದು ಕೇಳಿದೆ. "ಚಿಕ್ಕೋನಿಗೆ" ಎಂದಳು. ಯರ್ರಮ್ಮ ಹೆತ್ತದ್ದು ಒಬ್ಬನನ್ನೇ.

ಈಗ ಹೇಳಿ, ಸುಳ್ಳು ಬರೆದವರು ಯಾರು? ನೆಂಟನೆಂದು ನಂಬಿ ನೆಂಟನೆಂದು ಬರೆದ ಹುಡುಗನೋ, ಗಂಜಿ ಕುಡಿಸಿದವನೊಡನೆ 'ಸಂಬಂಧವಿಲ್ಲ' ಎಂದು ಬರೆಸುವ ತಾವೋ? ಪತ್ರಿಕೆಗೆ ಯೋಗಕ್ಷೇಮವೆಂದು ಹೆಸರಿಟ್ಟು, ಯೋಗವೂ ಕ್ಷೇಮವೂ ಒಟ್ಟಿಗೆ ಕೈಗೂಡಿದ ಗಳಿಗೆಯಲ್ಲೇ ಅದನ್ನು ಅಪರಾಧವೆನ್ನುವ ಜಾಣತನವನ್ನು ಯಾವ ವಿಶ್ವವಿದ್ಯಾಲಯದಲ್ಲಿ ಕಲಿತಿರಿ?

ಹುಕುಮನ್ನು ಹಿಂತೆಗೆದುಕೊಳ್ಳಿ. ಹುಡುಗನ ಓದು ನಿಲ್ಲಬಾರದು, ಮೊರೀಟನ ರುಜು ಅಳಿಯಬಾರದು. ಇದೊಂದೇ ನಮ್ಮ ಬೇಡಿಕೆ. ಆಗದೆನ್ನುವುದಾದರೆ ನಾಗೇಂದ್ರಪ್ಪನ ಮುಂದಿನ ಪತ್ರಿಕೆಗೆ ನೆಂಟರೆಂದು ತಾವೇ ರುಜು ಹಾಕಿ. ನಮಗೆ ಅಡ್ಡಿಯಿಲ್ಲ. ಆದರೆ ಕಟ್ಟಳೆ ಕಟ್ಟಳೆಯೇ. ಯರ್ರಮ್ಮ ತೀರಿದ ದಿನ ತಳಕಿಗೆ ಬಂದು, ರುಮಾಲು ತೆಗೆದು, ಹಳ್ಳದ ದಂಡೆಯಲ್ಲಿ ಕೂರಬೇಕು. ಕ್ಷೌರದ ಕತ್ತಿಯನ್ನು ನಾವು ಮಸೆದಿಟ್ಟಿರುತ್ತೇವೆ.

ಇಂತಿ,
ಫಾರಂ ತುಂಬುವಾಗ ಸುಳ್ಳು ಬರೆಯಬೇಡವೆಂದು ಕಲಿಸಿ ಒಳ್ಳೆಯ ಹುಡುಗನೊಬ್ಬನನ್ನು ಕೆಡಿಸಿದ,
ಚಿಕ್ಕೀರಪ್ಪ, ಮಾಜಿ ಉಪಾಧ್ಯಾಯ, ಚಳ್ಳಕೆರೆ