ಮೂರನೆಯ ಆಟದ ದಾರಿ

೧೪-೯-೧೯೮೭, ಸೋಮವಾರ, ಹರಿಹರ

ನನ್ನ ಲೇಖನ ವಾರಪತ್ರಿಕೆಯಲ್ಲಿ ಬಂದಿದೆ, ಮಾಲತೇಶಪ್ಪನವರ ಹೆಸರಿನಲ್ಲಿ. ಯಾರೂ ಆಡದ ಮೂರು ಕಂಪ್ಯೂಟರ್ ಆಟಗಳನ್ನು ಒಮ್ಮೆ ಆಡಿ ನೋಡಿ ಎಂದು ಬರೆದವಳು ನಾನು. ದಾವಣಗೆರೆಯ ನಮ್ಮ ಕಂಪ್ಯೂಟರ್ ತರಗತಿಯಲ್ಲಿ ಅವರೂ ನನ್ನಂತೆ ಪಾಠ ಹೇಳುವವರು. ಅಂಚೆಗೆ ಹಾಕುತ್ತೇನೆಂದು ತಾವೇ ಕೇಳಿ ಇಸಿದುಕೊಂಡಿದ್ದರು.

"ನನ್ನ ಹೆಸರೆಲ್ಲಿ ಸರ್?" ಎಂದೆ.

"ರಶೀದಾ ಮೇಡಂ, ಹೆಣ್ಮಕ್ಳು ಆಟದ ಬಗ್ಗೆ ಬರದ್ರೆ ಯಾರ್ ನಂಬ್ತಾರ್ರಿ? ಬೇಜಾರ್ ಮಾಡ್ಕಬ್ಯಾಡ್ರಿ."

ಒಂದಕ್ಷರವನ್ನೂ ಬದಲಿಸಿಲ್ಲ. ಮೂರನೆಯ ಆಟದಲ್ಲಿ ದೀಪ ಆರುವ ಮೊದಲು ಗುಹೆ ದಾಟಬೇಕು. ದಾರಿ ಸಿಗದೆ ಹನ್ನೊಂದನೆಯ ದಿನ ಅತ್ತುಬಿಟ್ಟೆನೆಂದು ಬರೆದಿದ್ದೆ. ಆ ಅಳುವೂ ಈಗ ಅವರದು.

ಸಂಜೆ ಗುತ್ತೂರಿನ ಕಾರ್ಖಾನೆಯ ಇಂಜಿನಿಯರ್ ಒಬ್ಬರು ಪತ್ರಿಕೆ ಹಿಡಿದು ತರಗತಿಗೆ ಬಂದು, "ಸರ್, ಆ ಗುಹೆ ದಾಟೋದು ಹೆಂಗ್ರಿ?" ಎಂದು ಮಾಲತೇಶಪ್ಪನವರನ್ನು ಕೇಳಿದರು. ಆ ಆಟವನ್ನು ಅವರು ಒಮ್ಮೆಯೂ ಆಡಿಲ್ಲ. ನನ್ನ ಕಡೆ ತಿರುಗಿ ನಕ್ಕರು. "ಮೇಡಂ, ನೀವೇ ಸ್ವಲ್ಪ ಹೇಳ್ರಿ. ನಂಗೆ ಕೆಲ್ಸ ಐತೆ."

ಸುಮ್ಮನಿರಬಹುದಿತ್ತು. ಆದರೆ ಆ ಆಟದ ಬಗ್ಗೆ ಈವರೆಗೆ ಯಾರೂ ನನ್ನನ್ನು ಏನೂ ಕೇಳಿರಲಿಲ್ಲ. ನಕ್ಷೆ ಬರೆದು ಕೊನೆಯ ಬಾಗಿಲಿನವರೆಗೂ ಹೇಳಿಕೊಟ್ಟೆ, ಅದೂ ಖುಷಿಯಿಂದ. ಇಂಜಿನಿಯರ್ ನಕ್ಷೆ ಮಡಚಿ ಜೇಬಿಗಿಟ್ಟುಕೊಂಡು ಧನ್ಯವಾದ ಹೇಳಿದ್ದು ಮಾಲತೇಶಪ್ಪನವರಿಗೆ. ಆಗಲಾದರೂ ನಾನು ಬಾಯಿ ಬಿಟ್ಟು, ಆ ಲೇಖನ ಬರೆದವಳು ನಾನೆಂದು ಹೇಳಬೇಕಿತ್ತು.