ಏಳು ಪದರ ಬಣ್ಣ

ಮಾರ್ಚ್ 3, ಭಾನುವಾರ

ದೋಣಿಗೆ ಏಳನೇ ಸಲ ಬಣ್ಣ. ಅಪ್ಪ ತೀರಿಹೋದ ಮೇಲೆ ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ ಬರೀ ಬಣ್ಣ ಸಾಲದು, ರಿಪೇರಿ ಮಾಡಿಸಿ ನೀರಿಗಿಳಿಸಿಯೇ ಬಿಡೋಣ ಎಂದೆ. ಅಮ್ಮ ಬಣ್ಣದ ಡಬ್ಬಿ ಮುಚ್ಚಿ ಎತ್ತಿಟ್ಟಳು. ಪಾಪ, ಅಪ್ಪನ ನೆನಪಾಗಿರಬೇಕು. ಅಪ್ಪ ಕೈಯಾರೆ ಕಟ್ಟಿದ ಹಾಯಿದೋಣಿ. ದಿನಾ ಸಂಜೆ ಹಿತ್ತಲಿಗೆ ಹೋಗಿ ಅದರ ಪಕ್ಕ ನಿಂತು ಬರುತ್ತಾಳೆ.

ಮಾರ್ಚ್ 9

ಬಡಗಿ ಬಂದಿದ್ದರು. ಟಾರ್ಪಾಲು ತೆಗೆದು ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರು. ಬ್ರೆಡ್ಡಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಹೋಯಿತು.

"ಒದ್ದೆ ಮರದ ಮೇಲೇನೇ ಬಣ್ಣ ಹೊಡೆದಿದ್ದೀರಲ್ಲಮ್ಮ. ಒಳಗಿನ ನೀರು ಒಳಗೇ ಉಳೀತು. ಈಗ ಇದು ನಿಂತಿರೋದು ಬಣ್ಣದ ದಯೆಯಿಂದ."

"ರಿಪೇರಿ ಆಗಲ್ವಾ?"

"ಆಗುತ್ತೆ. ಹಲಗೆ ಎಲ್ಲಾ ಹೊಸದು ಹಾಕ್ಬೇಕು. ಆಮೇಲೆ ಅದು ನಿಮ್ಮಪ್ಪನ ದೋಣಿ ಅಲ್ಲ, ನಂದು. ಯೋಚ್ನೆ ಮಾಡಿ ಹೇಳಿ."

ಅಪ್ಪನ ದೋಣಿಯನ್ನು ಹಾಳು ಮಾಡಿದವಳು ನಾನೇ. ಅಮ್ಮನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ?

ಮಾರ್ಚ್ 11

ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್‌ನಲ್ಲಿ ಇದೇ ಚಿಂತೆಯಲ್ಲಿ ಇಬ್ಬರಿಗೆ ಒಂದೇ ಹೊತ್ತಿಗೆ ಅಪಾಯಿಂಟ್‌ಮೆಂಟ್ ಬರೆದೆ. ಡಾಕ್ಟರ್ ದೋಣಿಯ ವಿಷಯ ಕೇಳಿ, "ಹಲ್ಲಾಗಿದ್ರೆ ಕಿತ್ತಾಕಿ ಅಂತಿದ್ದೆ" ಎಂದರು. ಅವರಿಗೇನು, ಹಲ್ಲಿನ ಅಮ್ಮನಿಗೆ ಉತ್ತರ ಹೇಳಬೇಕಾಗಿಲ್ಲ.

ಮಾರ್ಚ್ 19, ಸಂಜೆ

ದೋಣಿ ಹಾಳು ಮಾಡಿದವಳು ನಾನೇ ಎಂದು ಅಮ್ಮನಿಗೆ ಹೇಳಿಬಿಟ್ಟೆ. ಸೊಪ್ಪು ಬಿಡಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ನೀನಲ್ಲ ಕಣೆ, ನಾನು. ಮಳೆ ಬಂದಾಗೆಲ್ಲ ಟಾರ್ಪಾಲು ಸರಿಸಿಡ್ತಿದ್ದೆ."

"ಯಾಕಮ್ಮಾ?!"

"ಅವರು ನೀರಿಗಿಳಿದಾಗೆಲ್ಲ ಜೀವ ಕೈಲಿ ಹಿಡ್ಕೊಂಡು ಕೂತಿರ್ತಿದ್ದೆ. ಇನ್ನು ನೀನೂ ಅದ್ರಲ್ಲಿ ಹೊರಟ್ರೆ... ನನ್ನ ಕೈಲಾಗಲ್ಲ."

ಮೈಯೆಲ್ಲ ಉರಿಯಿತು. ಏಳು ವರ್ಷದ ಬೆನ್ನುನೋವು!

"ನಂಗೆ ಈಜೇ ಬರಲ್ಲ! ನೀರು ಕಂಡ್ರೆ ಕಾಲು ನಡುಗುತ್ತೆ. ನಿನಗೋಸ್ಕರ ಬಣ್ಣ ಹೊಡೀತಿದ್ದೆ!"

"ಹೇಳೋಕೇನಾಗಿತ್ತು ರೋಗ?"

"ನಿಂಗೇನಾಗಿತ್ತು?"

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಅವಳು ಅತ್ತಳು, ನಾನೂ. ತಲೆ ಮೇಲಿನ ಭಾರ ಇಳಿಯಿತು. ಅಬ್ಬಾ... ದೋಣಿ ಬೇಡ.

ಮಾರ್ಚ್ 24, ಭಾನುವಾರ, ಬೆಳಿಗ್ಗೆ 7

ಐದು ದಿನದಿಂದ ಸುಖನಿದ್ದೆ. ಇವತ್ತು ಬಡಗಿ ದೋಣಿ ಒಡೆಯಲು ಬರುತ್ತಾರೆ. ಅಮ್ಮ ಆಗಲೇ ಅಪ್ಪನ ಹಳೇ ಶರ್ಟು ತೊಟ್ಟು, ಸುತ್ತಿಗೆ ಹಿಡಿದು ಹಿತ್ತಲಲ್ಲಿ ಹಾಜರು. ಮೊದಲನೇ ಏಟು ಅವಳದಂತೆ. ಅವರು ಬರುವ ತನಕ ತಡಿ ಎಂದು ಹೇಳಿ ಬಂದಿದ್ದೇನೆ. ಒಂದು ಲೋಟ ಟೀ ಕುಡಿದು...

ಸದ್ದು. ಇನ್ನೊಂದು. ತಡೆಯಲಿಲ್ಲ ಮಹಾತಾಯಿ.

"ಎಷ್ಟು ಕಾಯಿಸಿದೆಯೋ ನನ್ನ! ಎಷ್ಟು ಕಾಯಿಸಿದೆ!"

ಅಪ್ಪನಿಗೆ ಏಕವಚನ — ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬೈಯುತ್ತಿದ್ದಾಳೋ, ಕರೆಯುತ್ತಿದ್ದಾಳೋ. ನಾನೂ ಹೋಗಬೇಕು, ಇಲ್ಲದಿದ್ದರೆ ನನಗೆ ಒಡೆಯಲು ಒಂದು ಹಲಗೆಯೂ—